ಕೆಸುವಿಗೆ 650 ರೂಪಾಯಿ

ಕೊಂಢವಾದ ನರ್ಸರಿಯಲ್ಲಿ ಅದರ ಹೆಸರು ಅಲೊಕೇಸಿಯಾ. ಬಿಳಿ ಪಾಟ್ ಸಮೇತ 650 ರೂಪಾಯಿ. ಡಿಸೆಂಬರಿನಲ್ಲಿ ತೀರ್ಥಹಳ್ಳಿಯಿಂದ ಬಂದಿಳಿದ ಅಮ್ಮ, ಹಾಲಿನ ಮೂಲೆಯಲ್ಲಿದ್ದ ಅದನ್ನು ನೋಡಿ, "ಕೆಸೀನ ಗಿಡಕ್ಕೆ ಯಾರಾದ್ರೂ ದುಡ್ಡು ಕೊಡ್ತಾರೇನೋ?" ಅಂದಳು.

ಸಸ್ಯಶಾಸ್ತ್ರವೂ ಅಮ್ಮನ ಕಡೆಗೇ ಇದೆ. ಕೆಸು, ಮರಗೆಸ, ಸುವರ್ಣಗಡ್ಡೆ, ನಿಮ್ಮ ಕಿಟಕಿಯ ಮನಿಪ್ಲಾಂಟ್, ಎಲ್ಲರೂ ಫೋಟೊ ಹಾಕುವ ಮಾನ್‌ಸ್ಟೆರಾ, ಎಲ್ಲ ಒಂದೇ ಕುಟುಂಬದವು. ಇವುಗಳಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಕೆಸು ಸರಿಯಾಗಿ ಬೇಯದಿದ್ದರೆ ಗಂಟಲು ಕೆರೆಯುವುದು ಅದಕ್ಕೇ. ಮನೆಯಲ್ಲಿ ಬೆಕ್ಕೋ ಅಂಬೆಗಾಲಿಡುವ ಮಗುವೋ ಇದ್ದರೆ ಪಾಟನ್ನು ಎತ್ತರದಲ್ಲಿಡಿ.

ನಮ್ಮೂರಲ್ಲಿ ಬಚ್ಚಲ ನೀರು ಹರಿಯುವ ಕಡೆ ಕೆಸು ತಾನಾಗಿ ಬೆಳೆಯುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿಗೆ ಹತ್ತಿರದ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಮೀ ದಾಟುತ್ತದೆ. ಪುಣೆಯಲ್ಲಿ 700ರ ಆಸುಪಾಸು. ಅಪ್ಪ ತೀರಿಕೊಂಡ ಮೇಲೆ ಒಬ್ಬಳೇ ಇರುವುದು ಬೇಡವೆಂದು ಅಮ್ಮನನ್ನು ಈ ಏಳನೇ ಮಹಡಿಗೆ ಕರೆತಂದಿದ್ದೆ. ಇಲ್ಲಿ ಕೈಗೆ ಕೆಲಸವಿಲ್ಲ, ಬಾಯಿಗೆ ಭಾಷೆಯಿಲ್ಲ. ಪ್ರತಿ ಭಾನುವಾರ ಒಂದೇ ಮಾತು: "ಟಿಕೆಟ್ ಮಾಡ್ಸು."

ಜನವರಿಯ ಚಳಿಗೆ ಅಲೊಕೇಸಿಯಾದ ಎಲೆಗಳು ಒಂದೊಂದಾಗಿ ಹಳದಿಯಾಗಿ ಬಿದ್ದವು. ಕೆಲಸಕ್ಕೆ ಬರುವ ಮಾವಶಿ ಪಾಟನ್ನು ಕಸಕ್ಕೆ ಒಯ್ಯುವುದರಲ್ಲಿದ್ದಳು. ಅಮ್ಮ ತಡೆದು, ಮಣ್ಣಿಗೆ ಬೆರಳಿಳಿಸಿ, "ಗಡ್ಡೆ ಗಟ್ಟಿ ಇದೆ, ಮಲಗಿದೆ ಅಷ್ಟೇ" ಅಂದಳು. ಅಂದಿನಿಂದ ಅದು ಅವಳ ಗಿಡ. ಮಲಗಿದ ಗಡ್ಡೆಗೆ ನೀರು ಕಡಿಮೆ, ಇಲ್ಲದಿದ್ದರೆ ಕೊಳೆಯುತ್ತದೆ. ಮಾರ್ಚಿನಲ್ಲಿ ಸುರುಳಿ ಸುತ್ತಿದ ಎಲೆಯೊಂದು ಎದ್ದಿತು. ಆಮೇಲೆ ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು, ಪೂರ್ವದ ಕಿಟಕಿಯ ಬೆಳಕು, ಪಶ್ಚಿಮದ ಬಿಸಿಲು ಬೇಡ.

ಕಷ್ಟದ ತಿಂಗಳು ಏಪ್ರಿಲ್. ಮಧ್ಯಾಹ್ನದ ಒಣಗಾಳಿಗೆ ಎಲೆಯಂಚು ಕಂದಾಗುತ್ತದೆ, ಅಡಿಯಲ್ಲಿ ನುಸಿ ಬಲೆ ಕಟ್ಟುತ್ತದೆ. ಎಲ್ಲರೂ ಹೇಳುವ ಸ್ಪ್ರೇ ಬಾಟಲಿಯಿಂದ ಹೆಚ್ಚೇನೂ ಆಗುವುದಿಲ್ಲ. ಆ ತೇವ ಕೆಲ ನಿಮಿಷಗಳಲ್ಲಿ ಆರಿಹೋಗುತ್ತದೆ. ಅಮ್ಮ ದಿನ ಬಿಟ್ಟು ದಿನ ಒದ್ದೆ ಬಟ್ಟೆಯಲ್ಲಿ ಎಲೆಯ ಅಡಿಭಾಗ ಒರೆಸುತ್ತಿದ್ದಳು. ನುಸಿ ಹೋಯಿತು. ಟ್ಯಾಂಕರ್ ನೀರಿನ ಉಪ್ಪು ಮಣ್ಣಿನ ಮೇಲೆ ಬೆಳ್ಳಗೆ ಕೂತಿದ್ದನ್ನು ಕೆರೆದು ತೆಗೆದಳು.

ಅಷ್ಟರಲ್ಲಿ ತರಕಾರಿ ಗಾಡಿಯಲ್ಲಿ ಅರ್ಬಿ ಅಂತ ಮಾರುತ್ತಿದ್ದ ಕೆಸುವಿನ ಗಡ್ಡೆ ಅವಳ ಕಣ್ಣಿಗೆ ಬಿತ್ತು. ನಾಲ್ಕನ್ನು ತಂದು ಬಾಲ್ಕನಿಯ ಹಳೇ ಪೇಂಟ್ ಬಕೆಟ್‌ನಲ್ಲಿ ಊರಿದಳು. ಇದು ತಿನ್ನುವ ಕೆಸು. ಒಳಗಿನದು ನೋಡುವುದಕ್ಕೆ ಮಾತ್ರ. ಜೂನ್ ಮಳೆಗೆ ಬಕೆಟ್ ತುಂಬಿ ಎಲೆ ಬಂತು.

ಅದನ್ನು ನೋಡಿದ ಪಕ್ಕದ ಮನೆಯ ಕಾಕು "ಅಳೂ!" ಅಂತ ಕೂಗಿದರು.

"ನಾ ಯಾಕೆ ಅಳ್ಲಿ?" ಅಂದಳು ಅಮ್ಮ, ಗಾಬರಿಯಾಗಿ.

ಮರಾಠಿಯಲ್ಲಿ ಕೆಸುವಿಗೆ ಅಳೂ ಎನ್ನುತ್ತಾರೆಂದು ನಾನು ಬಿಡಿಸಿ ಹೇಳುವ ಹೊತ್ತಿಗೆ ಕಾಕು ಒಳಹೋಗಿ ಹುಣಸೆಹಣ್ಣು ತಂದಾಗಿತ್ತು. ಅವರ ಅಳೂವಡಿಗೆ ಕಡಲೆಹಿಟ್ಟು, ನಮ್ಮ ಪತ್ರೊಡೆಗೆ ಅಕ್ಕಿ. ಹುಳಿ ಎರಡಕ್ಕೂ ಬೇಕು. ಇಬ್ಬರೂ ಅಡಿಗೆಮನೆಯಲ್ಲಿ ಎರಡು ಗಂಟೆ ಇದ್ದರು, ಯಾವ ಭಾಷೆಯಲ್ಲಿ ಮಾತಾಡಿದರೋ.

ಈ ಭಾನುವಾರ ಟಿಕೆಟ್ ಮಾಡಿಸಲೇ ಎಂದು ನಾನೇ ಕೇಳಿದೆ. ಅಮ್ಮ ಬಕೆಟ್ ಕಡೆ ನೋಡಿ ಅಂದಳು: "ಇನ್ನೊಂದು ಸಲ ಎಲೆ ಕೊಯ್ಯಣ, ಆಮೇಲೆ ನೋಡಣ."