ತುಂಬ್ತು ಅಂತ ಕೂಗಿದ್ಮೇಲೆ...

ಬ್ಲಾಗಿನ ಕಡೆ ತಲೆ ಹಾಕಿ ಎರಡು ತಿಂಗಳಾಯ್ತು. ಸೋಮಾರಿ ಅಂತ ಬೈಬೇಡಿ, ಈ ಸಲ ನಿಜವಾಗ್ಲೂ ಕೆಲಸ ಇತ್ತು. ಆ ಕೆಲಸದ ಕತೆಯನ್ನೇ ಹೇಳ್ತೀನಿ. ಸ್ವಲ್ಪ ಎಲೆಕ್ಟ್ರಾನಿಕ್ಸ್ ಬರುತ್ತೆ, ಹೆದರ್ಬೇಡಿ. ನಮ್ಮನೆ ನೀರಿನ ಟ್ಯಾಂಕೂ ಬರುತ್ತೆ :-)

ನಮ್ಮೂರು ಹುಲಿಯೂರುದುರ್ಗ. ಕುಣಿಗಲ್‌ನಿಂದ ಮದ್ದೂರಿಗೆ ಹೋಗೋ ದಾರೀಲಿ ಸಿಗುತ್ತೆ. ನಮ್ಮನೆ ತಾರಸಿ ಮೇಲೆ ನಿಂತ್ರೆ ದುರ್ಗದ ಬೆಟ್ಟ ಕಾಣುತ್ತೆ. ಚಿಕ್ಕವನಿದ್ದಾಗ, ಕರೆಂಟ್ ಇರೋ ಹೊತ್ತಲ್ಲಿ ಮೋಟ್ರು ಹಾಕಿ ಟ್ಯಾಂಕು ತುಂಬಿಸ್ಕೊಳ್ಳೋದೇ ಒಂದು ದೊಡ್ಡ ಕೆಲಸ. ಮೇಲೆ ಟ್ಯಾಂಕಿಗೆ ಇಣುಕ್ತಾ ನಾನು, ಅಡುಗೆಮನೇಲಿ ಅಮ್ಮ, ಹಿತ್ತಲ ಬಾಗಿಲ ಹತ್ರ ಸ್ವಿಚ್ಚು. ನಾನು "ತುಂಬ್ತೂ..." ಅಂತ ಕೂಗ್ಬೇಕು, ಅಮ್ಮ ಕೈ ಒರೆಸ್ಕೊಂಡು ಹೋಗಿ ಆಫ್ ಮಾಡ್ಬೇಕು. ಕೂಗಿದ ಮೇಲೂ ನೀರು ಬರ್ತಾನೇ ಇರುತ್ತಲ್ಲ, ನಂಗೆ ಗಾಬರಿ. ಮತ್ತೆ ಕೂಗ್ತಿದ್ದೆ, ಮತ್ತೂ ಕೂಗ್ತಿದ್ದೆ. ಅಮ್ಮ ಆಗ್ಲೇ ಹೊರಟಿರ್ತಿದ್ಲು, ಆದ್ರೆ ಅದು ನಂಗೆ ಗೊತ್ತಾಗ್ಬೇಕಲ್ಲ! ಒಂದಿನ ಮೂರನೇ ಕೂಗಿಗೆ ಓಡಕ್ಕೆ ಹೋಗಿ, ಮೇಲಿಂದ ಸುರಿದ ನೀರಲ್ಲೇ ಜಾರಿ ಬಿದ್ಲು. ಮಣಿಕಟ್ಟು ಮುರೀತು.

ಈಗ ಬೆಂಗಳೂರಿಗೆ ಬರೋಣ. ನಾನು ಮಾಡ್ತಿದ್ದದ್ದು ಸಿಗ್ಮಾ-ಡೆಲ್ಟಾ ಮಾಡ್ಯುಲೇಟರ್. ಏರಿಳಿಯೋ ಸಿಗ್ನಲ್ಲನ್ನ ಅಂಕಿಗಳಾಗಿ ಮಾಡೋ ಸರ್ಕ್ಯೂಟು. ಜಪಾನಿನ ಇನೋಸೆ, ಯಸುದಾ, ಮುರಾಕಮಿ 1962ರಲ್ಲೇ ಇದರ ಬಗ್ಗೆ ಬರೆದಿದ್ರು. ಇದು ಪ್ರತಿ ಗಡಿಯಾರದ ಬಡಿತಕ್ಕೂ ಒಂದು ಒರಟು ಅಂದಾಜು ಮಾಡುತ್ತೆ. ಆ ಅಂದಾಜನ್ನ ವಾಪಸ್ ತಂದು ಸಿಗ್ನಲ್‌ನಿಂದ ಕಳೆದು, ಉಳಿದ ತಪ್ಪನ್ನ ಕೂಡಿಟ್ಕೊಂಡು ಮುಂದಿನ ಅಂದಾಜು ಮಾಡುತ್ತೆ. ಹೀಗೆ ಸಾವಿರಾರು ಅಂದಾಜುಗಳ ಸರಾಸರಿ ತೆಗೆದ್ರೆ ಕರಾರುವಾಕ್ಕಾದ ಉತ್ತರ ಸಿಗುತ್ತೆ. ಕಂಟಿನ್ಯುಯಸ್-ಟೈಮ್ ಜಾತಿಯದ್ರಲ್ಲಿ ಫಿಲ್ಟರ್ ಗಡಿಯಾರಕ್ಕೆ ಕಾಯಲ್ಲ. ಹಾಗಾಗಿ ಅಂದಾಜು ಸರಿಯಾಗಿ ಯಾವ ಕ್ಷಣಕ್ಕೆ ವಾಪಸ್ ಬಂತು ಅನ್ನೋದು ಬಹಳ ಮುಖ್ಯ.

ನಮ್ಮ ಗಡಿಯಾರ 640 ಮೆಗಾಹರ್ಟ್ಸ್. ಅಂದ್ರೆ ಒಂದು ಬಡಿತಕ್ಕೆ ಸುಮಾರು 1.56 ನ್ಯಾನೋಸೆಕೆಂಡ್. ಕಾಗದದ ಮೇಲೆ ಎಲ್ಲಾ ಸರಿ ಇತ್ತು. ಲೇಔಟ್ ಮುಗಿಸಿ, ತಂತಿಗಳ ಕೆಪಾಸಿಟೆನ್ಸ್ ಸೇರಿಸಿ ಸಿಮ್ಯುಲೇಷನ್ ಓಡಿಸಿದ್ರೆ, ಸಿಗ್ನಲ್ ಸ್ವಲ್ಪ ದೊಡ್ಡದಾದ ಕೂಡ್ಲೇ ಲೂಪು ತಾಳ ತಪ್ಪಿ ಕೂಗಾಡಕ್ಕೆ ಶುರು! ಟೇಪ್‌ಔಟ್‌ಗೆ ಹದಿನೈದೇ ದಿನ.

ಕಾರಣ ಹುಡುಕೋದು ಕಷ್ಟ ಆಗ್ಲಿಲ್ಲ. ಈ ತಡದ ಬಗ್ಗೆ ಚೆರ್ರಿ ಮತ್ತು ಸ್ನೆಲ್‌ಗ್ರೋವ್ 1999ರಲ್ಲೇ ವಿವರವಾಗಿ ಬರೆದಿದ್ದಾರೆ. ಕಂಪ್ಯಾರೇಟರ್ ತೀರ್ಮಾನಕ್ಕೆ ಬರೋಕೆ, ಆ ತೀರ್ಮಾನ ಡ್ಯಾಕ್ ದಾಟಿ ವಾಪಸ್ ಬರೋಕೆ ಹೊತ್ತು ಹಿಡಿಯುತ್ತೆ. ಅಷ್ಟರಲ್ಲಿ ಲೂಪು ಮತ್ತೊಂದು ಸಲ ಕೂಗಿರುತ್ತೆ. ನನ್ ಥರಾನೇ.

ಮೊದ್ಲು ತಡ ಕಮ್ಮಿ ಮಾಡಕ್ಕೆ ಹೊರಟೆ. ಡ್ಯಾಕನ್ನ ಕಂಪ್ಯಾರೇಟರ್ ಪಕ್ಕಕ್ಕೇ ತಂದೆ, ದಾರಿಯಲ್ಲಿದ್ದ ಲಾಜಿಕ್ ಕಿತ್ತು ಹೊರಗೆ ಹಾಕ್ದೆ, ಕಂಪ್ಯಾರೇಟರ್‌ಗೆ ಜಾಸ್ತಿ ಕರೆಂಟ್ ಕೊಟ್ಟೆ. ತಡ ಅರ್ಧ ನ್ಯಾನೋಸೆಕೆಂಡಿಗೆ ಇಳೀತು. ಅಲ್ಲಿಗೆ ನಿಂತ್ಹೋಯ್ತು. ಇನ್ನೂ ಬಡಿತದ ಮೂರನೇ ಒಂದು ಪಾಲು! ಅದೂ ಒಂದೇ ಸಮ ಇಲ್ಲ. ಸಿಗ್ನಲ್ಲು ಗಡಿಗೆರೆ ಹತ್ರ ಇದ್ರೆ ಕಂಪ್ಯಾರೇಟರ್ ಇನ್ನಷ್ಟು ಮೀನಮೇಷ ಎಣಿಸುತ್ತೆ. ಇನ್ನೂ ಕರೆಂಟ್ ಸುರಿಯೋದು ಅಂದ್ರೆ ಅಮ್ಮನ್ನ ಇನ್ನೂ ಜೋರಾಗಿ ಓಡಿಸಿದಂಗೆ.

ಆಗ ಅಪ್ಪ ನೆನಪಾದ್ರು. ಅಮ್ಮನ ಕೈಗೆ ಪಟ್ಟಿ ಹಾಕಿಸ್ಕೊಂಡು ಬಂದ ದಿನ ಅಪ್ಪ ಎರಡು ಮಾತು ಹೇಳಿದ್ರು. ಅಮ್ಮಂಗೆ, "ಓಡ್ಬೇಡ. ನಿಧಾನಕ್ಕೇ ಹೋಗು, ಆದ್ರೆ ದಿನಾ ಅಷ್ಟೇ ಹೊತ್ತು ತಗೋ." ಅಕ್ಕಂಗೆ, "ನೀನು ಮೆಟ್ಲ ಮೇಲೆ ನಿಂತ್ಕೊ. ಅಮ್ಮ ಹೊರಟ ತಕ್ಷಣ ಇವನಿಗೆ ಹೇಳು." ಆಮೇಲೆ ನಾಲ್ಕು ಬೆರಳು ಕಮ್ಮಿ ಇರುವಾಗ್ಲೇ ನಾನು ಒಂದೇ ಒಂದು ಸಲ ಕೂಗ್ತಿದ್ದೆ. ಅಕ್ಕ "ಅಮ್ಮ ಹೊರಟ್ಲು ಕಣೋ, ಸುಮ್ನಿರು" ಅಂತಿದ್ಲು. ಟ್ಯಾಂಕು ಮತ್ತೆ ಉಕ್ಕಲಿಲ್ಲ.

ನಮ್ಮ ಚಿಪ್ಪಿಗೂ ಅದೇ ಮದ್ದು. ಕಂಪ್ಯಾರೇಟರ್ ಆದ್ಮೇಲೆ ಒಂದು ಲ್ಯಾಚ್ ಇಟ್ಟು ತಡವನ್ನ ಅರ್ಧ ಬಡಿತಕ್ಕೆ, 0.78 ನ್ಯಾನೋಸೆಕೆಂಡಿಗೆ, ಕಟ್ಟಿಹಾಕಿದ್ವಿ. ಹೌದು, ತಡ ಜಾಸ್ತಿಯೇ ಆಯ್ತು! ಆದ್ರೆ ಪ್ರತಿ ಸಲ ಅಷ್ಟೇ. ಜತೆಗೆ ಇನ್ನೊಂದು ಪುಟ್ಟ ಡ್ಯಾಕ್ ಇಟ್ಟು, ಲ್ಯಾಚ್‌ನಿಂದ ಬಂದ ತೀರ್ಮಾನವನ್ನ ಫಿಲ್ಟರ್ ಸುತ್ತಿಸದೆ ನೇರ ಕಂಪ್ಯಾರೇಟರ್ ಬಾಗಿಲಿಗೇ ತಲುಪಿಸಿದ್ವಿ. ಅದೇ ನಮ್ಮಕ್ಕ. ಫಿಲ್ಟರಿನ ಗುಣಾಂಕಗಳನ್ನ ಹೊಸದಾಗಿ ಲೆಕ್ಕ ಹಾಕಿದ್ವಿ. ಅದು ನಾಲ್ಕು ಬೆರಳು. ಇದೇನು ನನ್ನ ಆವಿಷ್ಕಾರ ಅಲ್ಲ. ಐಐಟಿ ಮದ್ರಾಸಿನ ಶಾಂತಿ ಪವನ್ 2008ರಲ್ಲಿ ಬರೆದ ಲೇಖನ ಇದರ ಬಗ್ಗೇನೇ. ಓದಿದ್ದೆ, ಅರ್ಥ ಆಗಿರ್ಲಿಲ್ಲ ಅಷ್ಟೇ. ಲೂಪು ತೆಪ್ಪಗಾಯ್ತು. ಚಿಪ್ಪು ಹೇಳಿದ ದಿನಕ್ಕೇ ಹೋಯ್ತು.

ಆ ರಾತ್ರಿ ಅಮ್ಮಂಗೆ ಫೋನ್ ಮಾಡಿದ್ದೆ. ಚಳಿಗಾಲಕ್ಕೆ ಮಣಿಕಟ್ಟು ಈಗ್ಲೂ ನೋಯುತ್ತಂತೆ. "ಅವತ್ತು ನಾನು ಸುಮ್ಸುಮ್ನೆ ಮೂರು ಸಲ ಕೂಗ್ದೆ ಅಮ್ಮ" ಅಂದೆ. ಇಷ್ಟು ವರ್ಷ ಹೇಳಿರ್ಲಿಲ್ಲ.

"ಗೊತ್ತು ಕಣೋ, ನಾನು ಮೊದಲನೇ ಕೂಗಿಗೇ ಎದ್ದಿದ್ದೆ" ಅಂದ್ಲು.