ನೂರಕ್ಕೆ ಎಷ್ಟು ಎಂದರೆ ಸಾಕೇ?

ಚುನಾವಣೆ ಮುಗಿದ ಮರುದಿನ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ಇಂಥ ಜಿಲ್ಲೆಯಲ್ಲಿ ಶೇಕಡಾ ಇಷ್ಟು ಮತದಾನ, ಇಂಥ ತಾಲ್ಲೂಕು ಮುಂದು, ಇಂಥದ್ದು ಹಿಂದು. ಥೇಟ್ ಎಸ್.ಎಸ್.ಎಲ್.ಸಿ. ಫಲಿತಾಂಶದ ಪಟ್ಟಿಯ ಹಾಗೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಶೇ. 73.19ರಷ್ಟು ಮತದಾನವಾದಾಗ ಮತದಾರರಿಗೆ ಎಲ್ಲರೂ ಶಹಬ್ಬಾಸ್ ಹೇಳಿದರು. ಇದರಲ್ಲಿ ಅನುಮಾನಪಡುವಂಥದ್ದು ಏನಿದೆ ಎಂದು ನೀವು ಕೇಳಬಹುದು.

ಏನೋ ಇದೆ ಎಂದವನು ನನ್ನ ಹಳೆಯ ವಿದ್ಯಾರ್ಥಿ. ಹುಡಗಿಯ ಆಸುಪಾಸಿನ ಹಳ್ಳಿಯವನು. ಮೆಥಡಿಸ್ಟ್ ಸಭೆಯ ಕುಟುಂಬ. ನಮ್ಮ ಬೀದರ್ ಜಿಲ್ಲೆಯ ಹಳ್ಳಿಗಳಲ್ಲಿ ಇಂಥ ಕುಟುಂಬಗಳು ತಲೆಮಾರುಗಳಿಂದ ಇವೆ. ಈಗ ಪದವಿ ಓದುತ್ತಿರುವ ಹುಡುಗ, ಜನವರಿ 25ರ ರಾಷ್ಟ್ರೀಯ ಮತದಾರರ ದಿನದಂದು ಶಾಲೆಯ ಕಡೆ ಬಂದಿದ್ದ. ಚುನಾವಣಾ ಆಯೋಗ ಹುಟ್ಟಿದ್ದು 1950ರ ಜನವರಿ 25ರಂದು. ಅದರ ನೆನಪಿಗೆ 2011ರಿಂದ ಈ ದಿನವನ್ನು ಆಚರಿಸುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ಹುಡುಗ ಮೆಲ್ಲಗೆ ಕೇಳಿದ:

“ಸರ್, ಎಷ್ಟು ಮಂದಿ ಓಟ್ ಹಾಕ್ಯಾರಂತ ಎಲ್ಲರೂ ಲೆಕ್ಕ ಹೇಳ್ತಾರ. ಯಾಕ ಹಾಕ್ಯಾರ, ಹಾಕಿದ ಮ್ಯಾಲ ಏನಾಯ್ತು ಅಂತ ಯಾರೂ ಹೇಳಂಗಿಲ್ಲ. ಗುಂಪು ದೊಡ್ಡದಿದ್ರ ನ್ಯಾಯ ಆಗ್ತದೇನ್ರಿ? ಪಿಲಾತನ ಮುಂದ ನಿಂತ ಗುಂಪು ಬರಬ್ಬನ್ನ ಬಿಡ್ರಿ ಅಂತ ಕೂಗಲಿಲ್ಲೇನು?”

ಅವನ ಅಜ್ಜಿ ಒಂದು ಚುನಾವಣೆಯನ್ನೂ ತಪ್ಪಿಸಿದವಳಲ್ಲವಂತೆ. ಆದರೆ 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗಷ್ಟೇ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ವಿಸ್ತರಿಸಿತು. ಕ್ರೈಸ್ತರಾದ ದಲಿತರಿಗೆ ಇಲ್ಲ. ಈ ಪ್ರಶ್ನೆಗೆ ಎರಡೂ ಕಡೆ ವಾದಗಳಿವೆ, ಅದನ್ನು ಇಲ್ಲಿ ತೀರ್ಮಾನಿಸುವುದು ನನ್ನ ಕೆಲಸವಲ್ಲ. ಹುಡುಗನ ಮಾತು ಬೇರೆ. ಅಜ್ಜಿ ಸಾಲಿನಲ್ಲಿ ನಿಂತದ್ದನ್ನು ಎಣಿಸುತ್ತಾರೆ, ಅವಳ ಮಾತು ಎಲ್ಲಿಗೆ ತಲುಪಿತೆಂದು ಎಣಿಸುವುದಿಲ್ಲ.

ವಿಜ್ಞಾನದ ಮೇಷ್ಟ್ರಿಗೆ ಒಂದು ಚಾಳಿ. ಯಾರಾದರೂ ಶೇಕಡಾ ಹೇಳಿದರೆ ‘ಯಾವುದರಲ್ಲಿ ಶೇಕಡಾ?’ ಎಂದು ಕೇಳುತ್ತಾನೆ. ಮತದಾನದ ಶೇಕಡಾವನ್ನು ಲೆಕ್ಕ ಹಾಕುವುದು ಊರಿನ ವಯಸ್ಕರೆಲ್ಲರ ಮೇಲಲ್ಲ, ಪಟ್ಟಿಯಲ್ಲಿ ಹೆಸರಿರುವವರ ಮೇಲೆ. ಒಂದು ಹಳ್ಳಿಯಲ್ಲಿ ನೂರು ವಯಸ್ಕರು, ಪಟ್ಟಿಯಲ್ಲಿರುವವರು 80, ಓಟು ಹಾಕಿದವರು 60 ಎನ್ನಿ. ಶೇಕಡಾ 75, ಭೇಷ್! ಬಿಟ್ಟುಹೋದ 20 ಹೆಸರುಗಳನ್ನು ಸೇರಿಸಿದರೆ ಅದೇ 60 ಓಟು ಶೇಕಡಾ 60 ಆಗುತ್ತದೆ. ಅಂದರೆ ಜನರನ್ನು ಹೊರಗಿಟ್ಟರೂ ಅಂಕಿ ಏರುತ್ತದೆ. ಇದಕ್ಕೆ ತಿರುಗುಮುರುಗೂ ಉಂಟು. ತೀರಿಕೊಂಡವರ ಹೆಸರು, ಹೈದರಾಬಾದಿಗೋ ಪುಣೆಗೋ ದುಡಿಯಲು ಹೋದವರ ಹೆಸರು ಪಟ್ಟಿಯಲ್ಲಿ ಉಳಿದರೆ ಊರಿನವರು ಸೋಮಾರಿಗಳಂತೆ ಕಾಣುತ್ತಾರೆ.

ಇದು ಬರೀ ಕಾಗದದ ಲೆಕ್ಕವಲ್ಲ. 1951-52ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರುಗಳನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಅವರು ತಮ್ಮ ಸ್ವಂತ ಹೆಸರು ಹೇಳದೆ ‘ಇಂಥವರ ತಾಯಿ’, ‘ಇಂಥವರ ಹೆಂಡತಿ’ ಎಂದಷ್ಟೇ ಬರೆಸಿದ್ದರು. ಆ 28 ಲಕ್ಷ ಮಂದಿ ಶೇಕಡಾ ಲೆಕ್ಕದ ಮೇಲೂ ಇಲ್ಲ, ಕೆಳಗೂ ಇಲ್ಲ.

ಇನ್ನು ಅಂಕಿ ಪೂರ್ತಿ ನೂರಾದರೆ? 2002ರ ಅಕ್ಟೋಬರಿನಲ್ಲಿ ಇರಾಕಿನಲ್ಲಿ ಸದ್ದಾಂ ಹುಸೇನ್ ಮುಂದುವರಿಯಬೇಕೇ ಎಂದು ಜನಮತ ಕೇಳಿದರು. ನೂರಕ್ಕೆ ನೂರು ಮತದಾನ, ನೂರಕ್ಕೆ ನೂರು ‘ಹೌದು’ ಎಂದು ಸರ್ಕಾರ ಸಾರಿತು. ಕಡಿಮೆ ಅಂಕಿಗೂ ಹೀಗೆಯೇ ಒಂದೇ ಅರ್ಥವಿಲ್ಲ. ನಮ್ಮ ಪಕ್ಕದ ಬಸವಕಲ್ಯಾಣದಲ್ಲಿ 2021ರ ಏಪ್ರಿಲ್ 17ರಂದು ಉಪಚುನಾವಣೆ ನಡೆಯಿತು. ಕೋವಿಡ್ಡಿನ ಎರಡನೆಯ ಅಲೆ ಏರುತ್ತಿದ್ದ ದಿನಗಳವು. ಅಂದು ಮನೆಯಲ್ಲಿ ಮುದಿ ತಂದೆತಾಯಿಯನ್ನು ಇಟ್ಟುಕೊಂಡು ಹೊರಗೆ ಬರಲು ಅಂಜಿದವನನ್ನು ಪ್ರಜಾಪ್ರಭುತ್ವದ ದ್ರೋಹಿ ಎನ್ನಲಾದೀತೇ? ಥರ್ಮಾಮೀಟರು ಜ್ವರ ಎಷ್ಟೆಂದು ಹೇಳುತ್ತದೆ. ಜ್ವರ ಯಾತರದೆಂದು ಹೇಳುವುದಿಲ್ಲ.

ಇಷ್ಟು ಹೇಳಿದ್ದಕ್ಕೆ ಹುಡುಗನ ಮುಖ ಅರಳಿತು. ಆದರೆ ನಾನು ಅಲ್ಲಿಗೇ ನಿಲ್ಲಿಸಲಿಲ್ಲ. ಥರ್ಮಾಮೀಟರು ಎಲ್ಲವನ್ನೂ ಹೇಳುವುದಿಲ್ಲವೆಂದು ಅದನ್ನು ಒಡೆದು ಹಾಕುತ್ತೇವೆಯೇ? 1962ರ ಲೋಕಸಭಾ ಚುನಾವಣೆಯಲ್ಲಿ ಗಂಡಸರು ಶೇ. 63ರಷ್ಟು ಓಟು ಹಾಕಿದ್ದರೆ, ಹೆಂಗಸರು ಹಾಕಿದ್ದು ಶೇ. 47ಕ್ಕೂ ಕಡಿಮೆ. 2019ರ ಹೊತ್ತಿಗೆ ಇಬ್ಬರೂ ಶೇ. 67ರ ಆಸುಪಾಸಿನಲ್ಲಿ ಸರಿಸಮ. ಹೆಸರು ಹೇಳಲೂ ನಾಚಿದವರ ಮೊಮ್ಮಕ್ಕಳು ಗಂಡಸರ ಸಮಕ್ಕೆ ಸಾಲಿನಲ್ಲಿ ನಿಂತದ್ದು ಹೊಗಳಬೇಕಾದ ಸಂಗತಿಯಲ್ಲವೇ?

ಇನ್ನೊಂದು ಮಾತು ಹೇಳಿದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಓಟಿನಿಂದ. 2023ರಲ್ಲಿ ಬೆಂಗಳೂರಿನ ಜಯನಗರದ ಅಂತರ 16 ಓಟು. ಸಣ್ಣ ಸಮುದಾಯದವರು ‘ನಮ್ಮದೇನು ನಡೆಯುತ್ತದೆ’ ಎಂದು ಮನೆಯಲ್ಲಿ ಕುಳಿತರೆ ಎಣಿಸುವವರ ಲೆಕ್ಕದಿಂದಲೂ ಹೊರಗೆ ಬೀಳುತ್ತಾರೆ. ನಷ್ಟ ಮೊದಲು ಅವರಿಗೇ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಸರ್, ದೊಡ್ಡದು ಒಂದು ಓಟು. ಶೇಕಡಾ ಅಲ್ಲ. ಬಡ ವಿಧವೆ ಹಾಕಿದ ಎರಡು ಕಾಸಿನಂಗ” ಎಂದ. ದೇವಾಲಯದ ಪೆಟ್ಟಿಗೆಗೆ ಶ್ರೀಮಂತರು ಹಾಕಿದ ರಾಶಿ ಹಣಕ್ಕಿಂತ ಅವಳ ಎರಡು ಕಾಸನ್ನೇ ಯೇಸು ಮೆಚ್ಚಿದ ಕಥೆಯದು. ಉತ್ತರ ನನಗೆ ಹಿಡಿಸಿತು. ಮತದಾರರ ದಿನದಂದು ನಾವು ಹೇಳುವ ಪ್ರತಿಜ್ಞೆಯಲ್ಲಿ ಯಾವ ಶೇಕಡಾವೂ ಇಲ್ಲ. ನಿರ್ಭೀತಿಯಿಂದ, ಜಾತಿ-ಧರ್ಮ-ಭಾಷೆಯ ದಾಕ್ಷಿಣ್ಯಕ್ಕೆ, ಆಮಿಷಕ್ಕೆ ಒಳಗಾಗದೆ ಮತ ಹಾಕುತ್ತೇವೆ ಎಂಬುದೇ ಅದರ ಸಾರ. ಪ್ರತಿಜ್ಞೆ ‘ಹೇಗೆ’ ಎನ್ನುತ್ತದೆ. ಹೊಗಳಿಕೆ ಮಾತ್ರ ‘ಎಷ್ಟು’ ಎನ್ನುತ್ತದೆ.

ಶಾಲೆಯಲ್ಲಿ ಹಾಜರಿ ಬೇಕೇ ಬೇಕು. ಆದರೆ ಬರೀ ಹಾಜರಿ ನೋಡಿ ಮಗು ಕಲಿತಿದೆ ಎಂದು ಯಾವ ತಂದೆತಾಯಿಯೂ ಒಪ್ಪುವುದಿಲ್ಲ. ಮತದಾನದ ಅಂಕಿಗೂ ಅಷ್ಟೇ ಮರ್ಯಾದೆ ಸಾಕು.

ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟು: 17 ತುಂಬಿದವರು ಈಗಲೇ ನಮೂನೆ 6ರಲ್ಲಿ ಮುಂಗಡವಾಗಿ ಅರ್ಜಿ ಹಾಕಬಹುದು. ಮನೆಯವರ ಹೆಸರು ಪಟ್ಟಿಯಲ್ಲಿದೆಯೇ ಎಂದು ಓದಬಲ್ಲ ನೀವೇ ನೋಡಿ, ಪಕ್ಕದ ಮನೆಯವರದನ್ನೂ ನೋಡಿ. ಪೋಷಕರಿಗೆ ಒಂದು ಮಾತು: ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಕಾನೂನೇ ಇದೆ. ಮತಗಟ್ಟೆಯ ಮುಂದೆ ಬಿಸಿಲಲ್ಲಿ ನಿಂತವರಲ್ಲಿ ಎಷ್ಟು ಮಂದಿ ಅಲ್ಲಿಗೆ ಹೋಗಿ ನೀರಿನ ಬಗ್ಗೆ, ರಸ್ತೆಯ ಬಗ್ಗೆ ಬಾಯಿ ಬಿಟ್ಟರು? ಆ ಶೇಕಡಾವನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ. ಅದನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು.