ತಿದ್ದುವ ಹಕ್ಕು, ತಿದ್ದಿದ ದಾಖಲೆ

ಓಲೆಗರಿಯ ಪ್ರತಿಗಳ ಕೊನೆಯಲ್ಲಿ ಲಿಪಿಕಾರನು ಮಾಡಿಕೊಳ್ಳುವ ವಿನಂತಿ ಗ್ರಂಥಸಂಪಾದನೆಯ ಅಭ್ಯಾಸಿಗಳಿಗೆ ಪರಿಚಿತವಾದುದು. ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಅವನು ಕೇಳಿಕೊಳ್ಳುತ್ತಾನೆ. ಈ ವಿನಂತಿಯ ಬೆಲೆ ನನಗೆ ಮನವರಿಕೆಯಾದುದು ಒಂದು ಗಣಕ ಕಡತದಿಂದ. ಹಿರಿಯರೊಬ್ಬರು ಇಪ್ಪತ್ತು ವರ್ಷಗಳ ಹಿಂದೆ ಪಾಠಾಂತರಗಳನ್ನು ಗುರುತಿಸಿ ಸಿದ್ಧಪಡಿಸಿದ್ದ ಆ ಕಡತವನ್ನು ತೆರೆದಾಗ ಕಂಡದ್ದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಅದನ್ನು ರೂಪಿಸಿದ ತಂತ್ರಾಂಶ ಬಳಕೆಯಿಂದ ಮರೆಯಾಗಿತ್ತು; ಅದರ ಒಳರಚನೆ ತಯಾರಕರಿಗಲ್ಲದೆ ಬೇರೆಯವರಿಗೆ ತಿಳಿದಿರಲಿಲ್ಲ. ಶತಮಾನಗಳ ಹಿಂದಿನ ಓಲೆಯನ್ನು ಓದಬಲ್ಲ ನನಗೆ ನಿನ್ನೆಯ ಕಡತ ಓದಲಾಗಲಿಲ್ಲ.

ಈ ಹಿನ್ನೆಲೆಯಲ್ಲಿ ಜಿನೀವಾದ ಸರ್ನ್ ಸಂಸ್ಥೆಯ ಇತಿಹಾಸ ಗಮನಾರ್ಹವಾಗಿದೆ. ಯುರೋಪಿನ ಹಲವು ರಾಷ್ಟ್ರಗಳು ಕೂಡಿ 1954ರಲ್ಲಿ ಸ್ಥಾಪಿಸಿದ, 2017ರಲ್ಲಿ ಭಾರತವೂ ಸಹಸದಸ್ಯನಾಗಿ ಸೇರಿದ ಭೌತವಿಜ್ಞಾನದ ಸಂಶೋಧನಾಲಯವಿದು. ಟಿಮ್ ಬರ್ನರ್ಸ್-ಲೀ 1989ರಲ್ಲಿ ವಿಶ್ವವ್ಯಾಪಿ ಜಾಲದ ಪ್ರಸ್ತಾವವನ್ನು ಮಂಡಿಸಿದ್ದು ಇಲ್ಲಿಯೇ. 1993ರ ಏಪ್ರಿಲ್ 30ರಂದು ಸಂಸ್ಥೆಯು ಆ ತಂತ್ರಾಂಶವನ್ನು ಸಾರ್ವಜನಿಕ ಸ್ವತ್ತನ್ನಾಗಿ ಬಿಟ್ಟುಕೊಟ್ಟಿತು. ಯಾರು ಬೇಕಾದರೂ ಅದನ್ನು ಬಳಸಬಹುದು, ನಕಲಿಸಬಹುದು, ಮಾರ್ಪಡಿಸಬಹುದು, ಹಂಚಬಹುದು ಎಂದಾಯಿತು. 2011ರಲ್ಲಿ ಯಂತ್ರೋಪಕರಣಗಳ ವಿನ್ಯಾಸಗಳನ್ನು ಹಂಚಿಕೊಳ್ಳಲೆಂದೇ ಮುಕ್ತ ಪರವಾನಗಿಯೊಂದನ್ನು ಅದು ರೂಪಿಸಿತು.

ಆದರೆ ಲೋಕಕ್ಕೆ ಕೊಡುವುದು ಬೇರೆ, ಮನೆಯೊಳಗೆ ಆಚರಿಸುವುದು ಬೇರೆ. ಮೈಕ್ರೋಸಾಫ್ಟ್ ಕಂಪನಿಯು ಶೈಕ್ಷಣಿಕ ಸಂಸ್ಥೆಯೆಂಬ ಮಾನ್ಯತೆಯನ್ನು ಹಿಂತೆಗೆದುಕೊಂಡಾಗ ಪರವಾನಗಿಯ ವೆಚ್ಚ ಹತ್ತು ಪಟ್ಟಿಗೂ ಮೀರಿತೆಂದು ಸರ್ನ್ 2019ರಲ್ಲಿ ಪ್ರಕಟಿಸಿ, ಪರ್ಯಾಯಗಳನ್ನು ಅರಸುವ ಯೋಜನೆಯನ್ನು ಮುಂದಿಟ್ಟಿತು. ಜಾಲವನ್ನೇ ಲೋಕಕ್ಕಿತ್ತ ಸಂಸ್ಥೆಯೂ ದಿನನಿತ್ಯದ ಕಚೇರಿ ಕೆಲಸದಲ್ಲಿ ಪರಾಧೀನವಾಗಿತ್ತು. ಮುಕ್ತ ತಂತ್ರಾಂಶಕ್ಕೆಂದು ಪ್ರತ್ಯೇಕ ಕಚೇರಿಯೊಂದು ಅಲ್ಲಿ ಸ್ಥಾಪನೆಯಾದುದು 2023ರಲ್ಲಿ, ಅಂದರೆ ಆ ಘೋಷಣೆಯಾದ ಮೂವತ್ತು ವರ್ಷಗಳ ನಂತರ.

ಇಲ್ಲಿ ನಾವು ಮನಗಾಣಬೇಕಾದುದು, ಉಚಿತವಾದುದೆಲ್ಲ ಮುಕ್ತವಲ್ಲ ಎಂಬುದನ್ನು. ಮುಕ್ತತೆಗೆ ಮೂಲವು ಕಾಣಬೇಕು, ತಿದ್ದಲು ಅನುಮತಿ ಇರಬೇಕು. ಇವೆರಡರ ಜೊತೆಗೆ, ಯಾರು ಯಾವಾಗ ಏನನ್ನು ತಿದ್ದಿದರೆಂಬ ದಾಖಲೆಯನ್ನು ಉಳಿಸುವ ರೂಢಿಯೂ ಮುಕ್ತ ತಂತ್ರಾಂಶದ ಪದ್ಧತಿಯಲ್ಲಿ ಬೆಳೆದುಬಂದಿದೆ. ನಮ್ಮ ಲಿಪಿಕಾರರು ತಿದ್ದುವ ಹಕ್ಕನ್ನು ಧಾರಾಳವಾಗಿ ಕೊಟ್ಟರು. ತಿದ್ದಿದವರು ದಾಖಲೆಯನ್ನು ಬಿಡಲಿಲ್ಲ. ಆ ಕೊರತೆಯನ್ನು ತುಂಬುವುದರಲ್ಲಿಯೇ ಗ್ರಂಥಸಂಪಾದಕರ ಆಯುಷ್ಯ ಸವೆದಿದೆ. ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆ ಜಿನೀವಾದ್ದಾಗಲಿ, ನಮ್ಮ ಅಧ್ಯಯನ ವಿಭಾಗವಾಗಲಿ, ಹಕ್ಕು ಮತ್ತು ದಾಖಲೆ ಎರಡನ್ನೂ ಉಳಿಸಬೇಕಾಗಿದೆ.

ಆ ಹಿರಿಯರ ಕಡತವನ್ನು ಅದರ ಅಚ್ಚುಪ್ರತಿಯ ನೆರವಿನಿಂದ ಯೂನಿಕೋಡಿನಲ್ಲಿ ಮತ್ತೆ ಬೆರಳಚ್ಚು ಮಾಡುತ್ತಿದ್ದೇನೆ. ನನ್ನ ತಿದ್ದುಪಡಿಗಳನ್ನು ಬೇರೆಯಾಗಿಯೇ ನಮೂದಿಸುತ್ತಿದ್ದೇನೆ. ಅವುಗಳಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಲಿ, ತಿದ್ದಿದ್ದನ್ನು ಬರೆದಿಡಲಿ.